ಹಡಗಿನ ಎಡಬದಿಗೆ ಪೋರ್ಟ್ ಅಂತ ಯಾಕೆ ಹೇಳ್ತಾರೆ?

ಪ್ರಶ್ನೆ: ಕಾರವಾರದ ಬೈತಖೋಲ್ ಬಂದರಿಗೂ ಪೋರ್ಟ್ ಅಂತೀವಿ, ಹಡಗಿನ ಎಡಬದಿಗೂ ಪೋರ್ಟ್, ಸಿಮ್ ಬದಲ್ಸೋದೂ ಪೋರ್ಟ್. ಎಲ್ಲಾ ಒಂದೇ ಶಬ್ದವಾ?

ಅಲ್ಲ. ಬಂದರಿನ ಪೋರ್ಟ್ ಲ್ಯಾಟಿನ್‌ನ ಪೋರ್ಟುಸ್‌ನಿಂದ ಬಂತು. ಯುಎಸ್‌ಬಿ ಪೋರ್ಟ್ ಪೋರ್ಟಾದಿಂದ, ಅಂದ್ರೆ ಬಾಗಿಲು. ಸಿಮ್ ಪೋರ್ಟ್ ಮಾಡ್ಸೋದು ಪೋರ್ಟಾರೆಯಿಂದ, ಅಂದ್ರೆ ಹೊತ್ಕೊಂಡು ಹೋಗೋದು, ಸ್ಟೇಷನ್ನಿನ ಪೋರ್ಟರ್, ಇಂಪೋರ್ಟ್, ಎಕ್ಸ್‌ಪೋರ್ಟ್ ಎಲ್ಲಾ ಇದೇ ಮನೆಯವು. ಗೋವಾದಿಂದ ತರೋ ಪೋರ್ಟ್ ವೈನಿಗೆ ಪೋರ್ಚುಗಲ್‌ನ ಪೋರ್ಟೊ ಊರಿನ ಹೆಸರು, ಆ ಊರಿನ ಹೆಸರಿಗೇ ಬಂದರು ಅಂತ ಅರ್ಥ. ಇಷ್ಟು ಅಡ್ಡಿಲ್ಲ.

ತಲೆನೋವು ಎಡಬದಿದು. ನೇವಿ ಪರೀಕ್ಷೆಗೆ ಓದೋ ಹುಡುಗ್ರು ಪ್ರತಿ ಸಲ ಹೇಳೋದು ಒಂದೇ, ಇಂಗ್ಲಿಷಲ್ಲಿ ಲೆಫ್ಟ್‌ಗೂ ನಾಲ್ಕಕ್ಷರ ಪೋರ್ಟ್‌ಗೂ ನಾಲ್ಕಕ್ಷರ, ಅದಕ್ಕೇ ಆ ಹೆಸರು ಅಂತ. ಮಾರಾಯ್ರೆ, ಅದು ನೆನಪಿಟ್ಕೊಳ್ಳೋಕೆ ಮಾಡ್ಕೊಂಡ ಗುರುತು, ಹೆಸರಿಟ್ಟ ಕಾರಣ ಅಲ್ಲ! ಅಕ್ಷರ ಎಣಿಸಿ ಹೆಸರಿಡೋದಾಗಿದ್ರೆ ಬಲಬದಿಯ ಸ್ಟಾರ್‌ಬೋರ್ಡ್‌ಗೆ ಒಂಬತ್ತಕ್ಷರ ಯಾಕೆ ಬಂತು, ರೈಟ್‌ಗೆ ಇರೋದು ಐದೇ ಅಲ್ವಾ? ಅದೂ ಅಲ್ದೆ ಇಂಗ್ಲಿಷರು ನೂರಾರು ವರ್ಷ ಎಡಬದಿಗೆ ಲಾರ್‌ಬೋರ್ಡ್ ಅಂತಿದ್ರು, ಅದರಲ್ಲಿ ಎಂಟಕ್ಷರ.

ನಿಜ ಸಂಗತಿ ಚುಕ್ಕಾಣಿಯಲ್ಲಿದೆ. ಹಿಂದೆ ಉತ್ತರ ಯುರೋಪಿನ ಕಡೆಯ ಹಡಗುಗಳಿಗೆ ಈಗಿನ ಹಾಗೆ ಹಿಂಬದಿ ನಡುವೆ ಚುಕ್ಕಾಣಿ ಇರ್ಲಿಲ್ಲ, ಬಲಬದಿಗೆ ಕಟ್ಟಿದ ದೊಡ್ಡ ಹುಟ್ಟಿನಿಂದ ತಿರುಗಿಸ್ತಿದ್ರು, ತಿರುಗಿಸೋ ಬದಿ ಅಂತ್ಲೇ ಅದು ಸ್ಟಾರ್‌ಬೋರ್ಡ್, ನಕ್ಷತ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ಆ ಬದಿಯನ್ನ ಜೆಟ್ಟಿಗೆ ತಂದ್ರೆ ಹುಟ್ಟು ಪುಡಿಪುಡಿ. ಬೋಟ್ ಜೆಟ್ಟಿಗೆ ತಾಗ್ಸೋದು ನೋಡಿದವ್ರಿಗೆ ಇದನ್ನ ಬಿಡಿಸಿ ಹೇಳ್ಬೇಕಾ? ಹಾಗಾಗಿ ಎಡಬದಿಯನ್ನೇ ಬಂದರಿಗೆ ತಾಗ್ಸಿ ಸರಕು ಹೇರ್ತಿದ್ರು, ಬಂದರಿನ ಕಡೆ ಇರೋ ಬದಿ ಪೋರ್ಟ್ ಆಯ್ತು. ಗಾಳಿ ಮಳೆಯಲ್ಲಿ ಸ್ಟಾರ್‌ಬೋರ್ಡ್, ಲಾರ್‌ಬೋರ್ಡ್ ಅಂತ ಕೂಗಿದ್ರೆ ಎರಡೂ ಒಂದೇ ಥರ ಕೇಳ್ತಿತ್ತು, ಕೊನೆಗೆ 1844ರಲ್ಲಿ ಬ್ರಿಟಿಷ್ ನೌಕಾಪಡೆ ಲಾರ್‌ಬೋರ್ಡ್ ಬಿಡಿ, ಪೋರ್ಟ್ ಅನ್ನಿ ಅಂತ ಆರ್ಡರ್ ಮಾಡ್ತು, 1846ರಲ್ಲಿ ಅಮೆರಿಕದ ನೌಕಾಪಡೆನೂ ಹಾಗೇ ಮಾಡ್ತು. ಶಬ್ದ ಅದಕ್ಕಿಂತ ಮುಂಚೆಯೇ ನಾವಿಕರ ಬಾಯಲ್ಲಿತ್ತು.

ಇಷ್ಟಕ್ಕೂ ಲೆಫ್ಟ್ ಅಂದ್ರೇ ಸಾಕಿತ್ತಲ್ಲ ಅಂದ್ರೆ, ಸಾಲ್ದು. ನೀವು ಹಿಂದಕ್ಕೆ ತಿರುಗಿ ನಿಂತ್ರೆ ನಿಮ್ಮ ಎಡ ಬದಲಾಗ್ತದೆ, ಹಡಗಿನ ಪೋರ್ಟ್ ಬದಲಾಗೋದಿಲ್ಲ. ರಾತ್ರಿ ಕೆಂಪು ದೀಪ ಉರಿಯೋದೂ ಆ ಬದಿಗೇ.

ಯಾರೂ ಕೇಳ್ಲಿಲ್ಲ, ಆದ್ರೂ ಹೇಳ್ತೇನೆ, ನಮ್ಮ ಬಂದರು ಶಬ್ದಕ್ಕೂ ಹಡಗಲ್ಲಿ ಜನ ಬಂದರು ಅನ್ನೋದಕ್ಕೂ ಏನೂ ಸಂಬಂಧ ಇಲ್ಲ. ಅದು ಪಾರ್ಸಿ ಭಾಷೆಯ ಬಂದರ್, ಇರಾನಿನ ಬಂದರ್ ಅಬ್ಬಾಸ್‌ನಲ್ಲಿರೋದೂ ಅದೇ, ಆಂಧ್ರದ ಮಚಲಿಪಟ್ಟಣದ ಬಂದರ್ ಲಡ್ಡುವಿನಲ್ಲಿರೋದೂ ಅದೇ. ನಮ್ಮದೇ ಶಬ್ದ ಬೇಕಂದ್ರೆ ರೇವು ಇದೆ.