ರಿಬಲ್‌ಹೆಡ್ ಸೇತುವೆಯ ಅಡಿಯಲ್ಲಿ ಉಣ್ಣೆ ಮೂಟೆ ಇದೆಯೇ?

ಪ್ರಶ್ನೆ: ಲೀಡ್ಸ್‌ನಿಂದ ಕಾರ್ಲೈಲ್‌ಗೆ ಹೋಗುವ ರೈಲು ದಾರಿಯ ರಿಬಲ್‌ಹೆಡ್ ಕಲ್ಲುಸೇತುವೆಯನ್ನು ಜೌಗು ನೆಲದಲ್ಲಿ ಉಣ್ಣೆ ಮೂಟೆ ಹಾಕಿ, ಅದರ ಮೇಲೆ ಕಟ್ಟಿದ್ದಾರಂತೆ. ನಿಜವೇ?

ಇಲ್ಲ. ಇಂಗ್ಲೆಂಡಿನಲ್ಲಿರುವ ನಮ್ಮವರು ಯಾರ್ಕ್‌ಷೈರ್ ಸುತ್ತಿ ಬಂದಾಗಲೆಲ್ಲ ಈ ಪ್ರಶ್ನೆ ಕಳಿಸುತ್ತಾರೆ. ಎಷ್ಟು ಸಲ ಉತ್ತರಿಸಿದರೂ ಮುಂದಿನ ಬೇಸಿಗೆಗೆ ಮತ್ತೆ ಹಾಜರು. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಕಂಬಗಳು ನಿಂತಿರುವುದು ಬಂಡೆಯ ಮೇಲೆ. 1870ರ ದಶಕದ ಆರಂಭದಲ್ಲಿ ಕೆಲಸಗಾರರು ಪಾಚಿ, ಹುಲ್ಲು ಕೊಳೆತ ಕಪ್ಪು ಮಣ್ಣನ್ನೂ ಅದರ ಕೆಳಗಿನ ಜೇಡಿಯನ್ನೂ ಅಗೆದು ಸುಮಾರು 25 ಅಡಿ ಇಳಿದರು. ಗಟ್ಟಿ ನೆಲ ಸಿಕ್ಕ ಮೇಲೆ ಕಾಂಕ್ರೀಟ್ ಹಾಕಿ, ಕಲ್ಲು ಏರಿಸಿದರು. ಕೆಲವು ಸುಣ್ಣಕಲ್ಲುಗಳು ಒಂದೊಂದೂ ಎಂಟು ಟನ್. ಅಂಥ ಕಲ್ಲಿನ 24 ಕಮಾನು, 400 ಮೀಟರ್ ಉದ್ದ, 32 ಮೀಟರ್ ಎತ್ತರ. ಇಷ್ಟು ಭಾರ ಹೊರಲು ಉಣ್ಣೆಯೇ?

“ಜೌಗಿನಲ್ಲಿ ಉಣ್ಣೆ ಕೊಳೆಯುವುದಿಲ್ಲ ಸರ್” ಎಂದು ಒಬ್ಬರು ವಾದಕ್ಕೇ ಬಂದರು. ಅದು ಸರಿಯಾದ ಮಾತು. ಡೆನ್ಮಾರ್ಕಿನ ಜೌಗುಗಳಲ್ಲಿ ಎರಡು ಸಾವಿರ ವರ್ಷ ಹಳೆಯ ಉಣ್ಣೆ ಬಟ್ಟೆ ಸಿಕ್ಕಿದೆ. ಆದರೆ ಕೊಳೆಯದೆ ಉಳಿಯುವುದು ಬೇರೆ, ಭಾರ ಹೊರುವುದು ಬೇರೆ. ಮನೆಯ ಹತ್ತಿ ಹಾಸಿಗೆ ನೆನಪು ಮಾಡಿಕೊಳ್ಳಿ. ಹತ್ತಿ ಕೊಳೆತಿರುವುದಿಲ್ಲ, ಆದರೂ ನಡು ಮಲಗುವ ಜಾಗದಲ್ಲಿ ಗುಂಡಿ ಬಿದ್ದಿರುತ್ತದೆ, ಅಂಚು ಉಬ್ಬೇ ಇರುತ್ತದೆ. ಹಿಂಜಿಸಿ ಮತ್ತೆ ತುಂಬಿಸಬೇಕು. ಕಮಾನಿಗೆ ಆಗದಿರುವುದು ಇದೇ, ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕುಸಿಯುವುದು. ಕಲ್ಲಿನ ಕಮಾನು ನಿಲ್ಲುವುದು ಕಲ್ಲು ಕಲ್ಲನ್ನು ಒತ್ತಿ ಹಿಡಿದಿರುವುದರಿಂದ. ಒಂದು ಕಾಲು ಸ್ವಲ್ಪ ಜಾರಿದರೂ ಒತ್ತು ಬಿಟ್ಟು ಸಂದು ಬಾಯಿ ತೆರೆಯುತ್ತದೆ.

ಕತೆ ಹುಟ್ಟಿದ್ದೆಲ್ಲಿ? ಹಳೆಯ ಲಂಡನ್ ಸೇತುವೆಯ ಬಗ್ಗೆಯೂ ಇದೇ ಮಾತಿದೆ. ಅಲ್ಲಿ ಉಣ್ಣೆ ಎಂದರೆ ಉಣ್ಣೆಯ ಮೇಲಿನ ತೆರಿಗೆ ಹಣ ಎಂದು ಅರ್ಥ ಹೇಳುತ್ತಾರೆ. ಯಾರ್ಕ್‌ಷೈರ್ ಉಣ್ಣೆ ಗಿರಣಿಗಳ ಸೀಮೆಯಾದ್ದರಿಂದ ಮಾತು ಇಲ್ಲಿ ಸುಲಭವಾಗಿ ಅಂಟಿಕೊಂಡಿರಬಹುದು. ಇನ್ನೊಂದು, 1830ರ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಚಾಟ್ ಮಾಸ್ ಎಂಬ ಜೌಗನ್ನು ದಾಟಿದ್ದು ನಿಜಕ್ಕೂ ಕಡ್ಡಿ, ಪೊದೆಗಳ ಹಾಸಿನ ಮೇಲೆ. ಆದರೆ ಅದು ನೆಲದ ಮೇಲಿನ ಹಳಿ, ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ಕಂಬ ಒಂದೇ ಜಾಗದಲ್ಲಿ ಒತ್ತುತ್ತದೆ.

ಯಾರೂ ಕೇಳದ ಪ್ರಶ್ನೆ ಬೇರೆಯಿದೆ: ತಳ ಬಂಡೆಯೇ ಆಗಿದ್ದರೆ, 1980ರ ದಶಕದಲ್ಲಿ ಈ ಸೇತುವೆಯ ಸ್ಥಿತಿಯನ್ನೇ ಮುಂದೆ ಮಾಡಿ ಇಡೀ ಮಾರ್ಗ ಮುಚ್ಚಲು ಹೊರಟಿದ್ದೇಕೆ? ತೊಂದರೆ ಬಂದದ್ದು ಮೇಲಿನಿಂದ. ಹಳಿಯ ಜಲ್ಲಿಯ ಕೆಳಗಿನ ನೀರುತಡೆ ಪದರ ಕೆಟ್ಟು, ಮಳೆನೀರು ಕಮಾನಿನೊಳಕ್ಕೆ ಇಳಿಯುತ್ತಿತ್ತು. ಚಳಿಗೆ ಅದು ಹೆಪ್ಪುಗಟ್ಟಿ ಉಬ್ಬಿ ಸಂದುಗಳನ್ನು ಬಿರಿಯುತ್ತಿತ್ತು. ಭಾರ ತಗ್ಗಿಸಲು 1985ರಲ್ಲಿ ಎರಡು ಹಳಿಯನ್ನು ಒಂದು ಮಾಡಿದರು. ಜನ ಬಿಡದೆ ಹೋರಾಡಿದರು, ಸಾವಿರಾರು ಸಹಿ ಬಿತ್ತು; 1989ರಲ್ಲಿ ಸರ್ಕಾರ ಮುಚ್ಚುವುದಿಲ್ಲ ಎಂದಿತು. ಆಮೇಲೆ ನಡೆದ ದುರಸ್ತಿಯಲ್ಲಿ ಮುಖ್ಯವಾದದ್ದು ಹೊಸ ನೀರುತಡೆ ಪದರ.

ಸಂದು ತುಂಬುವ ಗಾರೆಯೂ ಸುಣ್ಣದ್ದೇ ಇರಬೇಕು. ಅದು ಒಳಗಿನ ತೇವವನ್ನು ಹೊರಬಿಡುತ್ತದೆ. ಸಿಮೆಂಟ್ ಮೆತ್ತಿದರೆ ನೀರು ಕಲ್ಲಿನೊಳಗೇ ಉಳಿದು, ಕಲ್ಲೇ ಸಿಪ್ಪೆ ಏಳುತ್ತದೆ. ನಮ್ಮೂರ ಹಳೇ ದೇವಸ್ಥಾನಗಳ ಗೋಡೆಗೆ ಸಿಮೆಂಟ್ ಬಳಿಯುವವರಿಗೆ ಇದನ್ನು ಕೈಮುಗಿದು ಹೇಳುತ್ತಿದ್ದೇನೆ.

ರೈಲಿನಲ್ಲಿ ಕೂತೇ ದಾಟಿದರೆ ಸೇತುವೆ ಸರಿಯಾಗಿ ಕಾಣುವುದಿಲ್ಲ. ರಿಬಲ್‌ಹೆಡ್ ನಿಲ್ದಾಣದಲ್ಲಿ ಇಳಿದು ಅಲ್ಲಿಂದ ನಡೆದು ಹೋಗಿ, ಕಂಬ ಎಣಿಸಿ. ಪ್ರತಿ ಆರನೆಯದು ದಪ್ಪ. ಎಂದಾದರೂ ಒಂದು ಕಮಾನು ಬಿದ್ದರೆ ಕುಸಿತ ಆ ದಪ್ಪ ಕಂಬದ ಹತ್ತಿರ ನಿಲ್ಲಲಿ ಎಂದು ಹಾಗೆ ಕಟ್ಟಿದ್ದಾರೆ.