ಹಾರ್ನ್‌ಗೆ ಬಟನ್ ಇದೆ, ಮಧ್ಯೆ ರಿಲೇ ಯಾಕೆ?

ಪ್ರಶ್ನೆ: ನನ್ನ ಹಳೇ ಕಾರಿಗೆ ಜೋರಾದ ಎರಡು ಹಾರ್ನ್ ಹಾಕಿಸಲು ಹೋಗಿದ್ದೆ. ಎಲೆಕ್ಟ್ರಿಷಿಯನ್ "ರಿಲೇ ಹಾಕಲೇಬೇಕು ಸಾರ್" ಅಂದರು. ಬಟನ್ ಒತ್ತಿದರೆ ಹಾರ್ನ್ ಆಗುತ್ತೆ ಅಲ್ವಾ? ಇದು ಸುಮ್ನೆ ಬಿಲ್ ಜಾಸ್ತಿ ಮಾಡೋಕಾ?

ಉತ್ತರ: ಬಿಲ್ಲಿನ ವಿಷಯ ನನಗೆ ಗೊತ್ತಿಲ್ಲ. ಅವರು ಹೇಳಿದ್ದಂತೂ ಸರಿ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್.

ಅಂಥ ಎರಡು ಹಾರ್ನ್ ಒಟ್ಟಿಗೆ ಕೂಗಿದರೆ ಸುಮಾರು 10 ಆಂಪಿಯರ್ ಕರೆಂಟ್ ಎಳೆಯುತ್ತವೆ. ಸ್ಟೀರಿಂಗ್ ಬಟನ್ನಿನ ಒಳಗಿರುವುದು ಪುಟ್ಟ ತಗಡಿನ ಪಾಯಿಂಟ್, ಅಂದರೆ ಒಂದಕ್ಕೊಂದು ತಾಗಿ ಕರೆಂಟ್ ಹರಿಸುವ ಜಾಗ. ಅಷ್ಟೂ ಕರೆಂಟ್ ಅದರ ಮೂಲಕವೇ ಹರಿದರೆ, ಕೈ ಬಿಟ್ಟಾಗಲೆಲ್ಲ ಅಲ್ಲೊಂದು ಕಿಡಿ. ಪಾಯಿಂಟ್ ಸುಟ್ಟು ಕಪ್ಪಾಗುತ್ತದೆ. ಕೆಲವೊಮ್ಮೆ ಅಂಟಿಕೊಂಡೇ ಬಿಡುತ್ತದೆ, ಆಗ ಸಿಗ್ನಲ್‌ನಲ್ಲಿ ನಿಂತಿದ್ದರೂ ಹಾರ್ನ್ ಬಾಯಿ ಮುಚ್ಚುವುದಿಲ್ಲ.

ವೈರಿನ ಲೆಕ್ಕವೂ ಇದೆ. ಬ್ಯಾಟರಿಯಿಂದ ಬಟನ್‌ಗೆ, ಅಲ್ಲಿಂದ ಮತ್ತೆ ಮುಂದಕ್ಕೆ ಸುತ್ತಾಡುವ ಸಣ್ಣ ವೈರ್, ಹಳೇ ಜಾಯಿಂಟ್ ಎಲ್ಲ ಸೇರಿ 0.2 ಓಮ್ ತಡೆ ಇದೆ ಅಂದುಕೊಳ್ಳಿ. 10 ಆಂಪಿಯರ್ ಹರಿದರೆ 2 ವೋಲ್ಟ್ ದಾರಿಯಲ್ಲೇ ಹೋಯಿತು. ಹೊಸ ಹಾರ್ನ್ ಹಾಕಿಯೂ ಗಂಟಲು ಕಟ್ಟಿದ ಹಾಗೆ ಕೇಳುವುದು ಇದಕ್ಕೇ.

ರಿಲೇ ಏನು ಮಾಡುತ್ತದೆ? ಒಮ್ಮೆ ಕೆಟ್ಟುಹೋದ ಒಂದು ರಿಲೇಯ ಕಪ್ಪು ಮುಚ್ಚಳವನ್ನು ಸ್ಕ್ರೂಡ್ರೈವರ್‌ನಲ್ಲಿ ಎಬ್ಬಿಸಿ ನೋಡಿದ್ದೆ. ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿದ ಕಾಯಿಲ್. ಅದರ ತಲೆ ಮೇಲೆ ಒಂದು ಕಬ್ಬಿಣದ ಪಟ್ಟಿ, ಅದನ್ನು ಮೇಲಕ್ಕೆ ಹಿಡಿದಿಡಲು ಸ್ಪ್ರಿಂಗ್. ಇಷ್ಟೇ. ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಅದು ಆಯಸ್ಕಾಂತವಾಗಿ ಪಟ್ಟಿಯನ್ನು ಎಳೆಯುತ್ತದೆ, 'ಟಿಕ್' ಅಂತ ಪಾಯಿಂಟ್ ಕೂಡುತ್ತದೆ. ಕಾಯಿಲ್‌ಗೆ ಬೇಕಾಗುವುದು ಬರೀ 0.15 ಆಂಪಿಯರ್ ಆಸುಪಾಸು. ನಿಮ್ಮ ಬಟನ್ ಹೊರುವುದು ಅಷ್ಟನ್ನೇ. ದೊಡ್ಡ ಕರೆಂಟ್ ಬ್ಯಾಟರಿಯಿಂದ ದಪ್ಪ ವೈರಿನಲ್ಲಿ, ಹತ್ತಿರದ ದಾರಿಯಲ್ಲಿ ಹಾರ್ನ್‌ಗೆ ಹೋಗುತ್ತದೆ.

ರಿಲೇಯ ಕಾಲುಗಳ (ವೈರ್ ಕೂಡಿಸುವ ಪಿನ್‌ಗಳ) ಪಕ್ಕದಲ್ಲಿರುವ ನಂಬರ್ ನೋಡಿ. 85, 86 ಕಾಯಿಲ್‌ನವು. 30ಕ್ಕೆ ಬ್ಯಾಟರಿ, 87ಕ್ಕೆ ಹಾರ್ನ್. ಐದನೇ ಕಾಲು 87ಎ ಇದ್ದರೆ ಅದನ್ನು ಖಾಲಿ ಬಿಡಬೇಕು. ರಿಲೇ ಸುಮ್ಮನಿರುವಾಗ 30 ಕೂಡಿಕೊಂಡಿರುವುದು ಅದಕ್ಕೇ. ತಪ್ಪಿ ಹಾರ್ನ್ ವೈರನ್ನು ಅಲ್ಲಿಗೆ ಕೊಟ್ಟರೆ ಬಟನ್ ಒತ್ತಿದಾಗ ಮಾತ್ರ ಹಾರ್ನ್ ನಿಲ್ಲುತ್ತದೆ! ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ರಿಲೇ ಆದರೆ 85, 86ರ ಪ್ಲಸ್ ಮೈನಸ್ ಕೂಡ ಅದಲುಬದಲಾಗಬಾರದು.

ರಿಲೇ ಕೆಲಸ ಕಿವಿಯಾರೆ ಕೇಳಬೇಕೆಂದರೆ ಬ್ಯಾಟರಿ ಇಳಿದ ಬೈಕಿನ ಸೆಲ್ಫ್ ಒತ್ತಿ. 'ಕಟಕಟಕಟ' ಅನ್ನುತ್ತದೆ, ಇಂಜಿನ್ ತಿರುಗುವುದಿಲ್ಲ. ಎಷ್ಟೋ ಜನ ರಿಲೇ ಹೋಯಿತು ಅಂದುಕೊಳ್ಳುತ್ತಾರೆ. ಪಾಪ, ಅದರ ತಪ್ಪು ಹೆಚ್ಚಾಗಿ ಇರುವುದಿಲ್ಲ. ಪಾಯಿಂಟ್ ಕೂಡಿದ ತಕ್ಷಣ ಸ್ಟಾರ್ಟರ್ ಮೋಟರ್ ಗಬಕ್ಕನೆ ಕರೆಂಟ್ ಎಳೆಯುತ್ತದೆ, ಸೋತ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಆಗ ಕಾಯಿಲ್‌ಗೂ ಶಕ್ತಿ ಸಾಲದು, ಪಟ್ಟಿ ಕೈ ಬಿಡುತ್ತದೆ. ಭಾರ ಇಳಿದ ಬ್ಯಾಟರಿ ಮತ್ತೆ ಚೇತರಿಸಿಕೊಳ್ಳುತ್ತದೆ, ಕಾಯಿಲ್ ಮತ್ತೆ ಎಳೆಯುತ್ತದೆ. ಈ ಹಿಡಿ-ಬಿಡು ಆಟದ ಸದ್ದೇ ಕಟಕಟ. ಮೊದಲು ಬ್ಯಾಟರಿ ಮತ್ತು ಅದರ ಟರ್ಮಿನಲ್ ನೋಡಿಸಿ.

ನಿಮ್ಮ ಕೆಲಸಕ್ಕೆ ಒಂದು ಮಾತು: ರಿಲೇ ಹಾಕಿದ ಮಾತ್ರಕ್ಕೆ ಫ್ಯೂಸ್ ಬೇಡ ಅಂತಲ್ಲ. 30ಕ್ಕೆ ಹೋಗುವ ವೈರಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ. ಎರಡು ಹಾರ್ನ್‌ಗೆ 15 ಆಂಪಿಯರ್‌ನದು ಸಾಮಾನ್ಯ, ವೈರ್ ಅದಕ್ಕೆ ತಕ್ಕಷ್ಟು ದಪ್ಪ ಇರಬೇಕು. ಮುಂದೆ ಎಂದಾದರೂ ಟಿಕ್ ಅಂದು ಹಾರ್ನ್ ಆಗದಿದ್ದರೆ, ಅದೇ ಮಾದರಿಯ ಬೇರೆ ರಿಲೇ ಒಂದನ್ನು ಆ ಜಾಗಕ್ಕೆ ಹಾಕಿ ನೋಡಿ. ಈಗ ಕೂಗಿತು ಅಂದರೆ ಹಳೆಯದರ ಪಾಯಿಂಟ್ ಸುಟ್ಟಿದೆ.