ತಂಬೂರಿಯ ಜೊತೆ ಇನ್ನೊಂದು ಶ್ರುತಿ

ಬಸವನಗುಡಿಯಿಂದ ಬಂದ ಆ ಹಿರಿಯರು ಬ್ಯಾಂಕಿನಿಂದ ನಿವೃತ್ತರಾದವರು. ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ ಕಬ್ಬಿಣದ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲೆ ಇಳಿಸಿದರು. "ನೋಡಿ ಇವರೇ, ನಾನೇ ಕಟ್ಟಿದ ಆಂಪ್ಲಿಫೈಯರ್ ಇದು. ಚೆನ್ನಾಗೇ ಹಾಡುತ್ತೆ. ಆದರೆ ತಂಬೂರಿ ಜೊತೆ ಇನ್ನೊಂದು ಶ್ರುತಿ ಕೇಳಿಸುತ್ತೆ" ಅಂದರು.

ಮೂವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಗುಂಯ್ ಅನ್ನುತ್ತೆ ಅಂತ ಬರುವವರು ವಾರಕ್ಕೊಬ್ಬರಾದರೂ ಇರುತ್ತಾರೆ. ಇಷ್ಟು ಸರಿಯಾಗಿ ರೋಗ ಹೇಳಿದವರು ಇವರೊಬ್ಬರೇ. ಅವರು ಕೇಳುವುದು ಸಿ ಶ್ರುತಿಯಲ್ಲಿ ಹಾಡಿದ ಹಳೇ ಕಚೇರಿಗಳನ್ನು. ಆ ಶ್ರುತಿಯ ಷಡ್ಜ ಸುಮಾರು 131 ಹರ್ಟ್ಸ್. ತಂಬೂರಿಯ ಮಂದ್ರ ಪಂಚಮ ಸುಮಾರು 98. ನಮ್ಮ ಮನೆಯ ಕರೆಂಟು 50 ಹರ್ಟ್ಸ್, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲೆ ಅದರ ಏರಿಳಿತ 100. ಪಂಚಮದ 98ರ ಪಕ್ಕ ಈ 100 ಬಂದು ಕೂತರೆ ಸೆಕೆಂಡಿಗೆ ಎರಡು ಸಲ ಅಲೆ ಎದ್ದಂತೆ ಕೇಳಿಸುತ್ತದೆ. ಶ್ರುತಿ ಸೇರದ ತಂಬೂರಿ ಅಲ್ವಾ ಅದು?

ಅವರ ಕಿವಿ ನನ್ನ ಅರ್ಧ ಕೆಲಸ ಮುಗಿಸಿತ್ತು. ಗುಂಯ್ ಸದ್ದು 50 ಹರ್ಟ್ಸಿನದಾದರೆ ನಾನು ಮೊದಲು ಹೊರಗಿನ ತಂತಿ ನೋಡುತ್ತೇನೆ, ಇಲ್ಲವೇ ಟ್ರಾನ್ಸ್‌ಫಾರ್ಮರ್ ಇನ್‌ಪುಟ್‌ಗೆ ತೀರಾ ಹತ್ತಿರ ಇದೆಯಾ ಅಂತ ನೋಡುತ್ತೇನೆ. 100 ಅಂದರೆ ಪವರ್ ಸಪ್ಲೈ ಕಡೆಯ ಕಾಟ. ಖಚಿತ ಮಾಡಿಕೊಳ್ಳಲು ಇನ್‌ಪುಟ್ ಸಾಕೆಟ್ಟನ್ನು ಶಾರ್ಟ್ ಮಾಡಿದೆ. ಸದ್ದು ಹಾಗೇ ಇತ್ತು. ಅಂದರೆ ಕಳ್ಳ ಮನೆಯೊಳಗೇ ಇದ್ದಾನೆ.

ಯಾರೋ ಹೇಳಿದರು ಅಂತ ಅವರು ಎಸ್‌ಪಿ ರೋಡಿಗೆ ಹೋಗಿ 4,700 ಮೈಕ್ರೋಫ್ಯಾರಡ್ ಕೆಪಾಸಿಟರ್ ತೆಗೆದು 10,000ದ್ದು ಹಾಕಿದ್ದರು. ಎಲ್ಲರೂ ಮಾಡುವುದು ಇದನ್ನೇ. ಕೆಪಾಸಿಟರ್ ಎಂಬುದು ಮನೆಯ ಸಂಪು ಇದ್ದಂತೆ. ಆಂಪ್ಲಿಫೈಯರ್ ಅದರಿಂದ ಸಮನಾಗಿ ಎಳೆದುಕೊಳ್ಳುತ್ತಿರುತ್ತದೆ. ತುಂಬುವುದು ಮಾತ್ರ ಸಮನಾಗಿ ಅಲ್ಲ. ಮೇನ್ಸ್ ವೋಲ್ಟೇಜ್ ತುದಿ ಮುಟ್ಟಿದ ಆ ಚೂರು ಹೊತ್ತಿನಲ್ಲಿ ಮಾತ್ರ, ಸೆಕೆಂಡಿಗೆ 100 ಸಲ, ಒಂದೊಂದೇ ಜೋರು ಹೊಡೆತ. ಸಂಪು ದೊಡ್ಡದು ಮಾಡಿದಷ್ಟೂ ಆ ಹೊಡೆತ ಇನ್ನೂ ಗಿಡ್ಡವಾಗುತ್ತದೆ, ಇನ್ನೂ ಜೋರಾಗುತ್ತದೆ.

ಈಗ ಲೆಕ್ಕ ನೋಡಿ. ಅವರ ಪೆಟ್ಟಿಗೆಯಲ್ಲಿ ಎರಡು ಕೆಪಾಸಿಟರ್‌ಗಳನ್ನು ಜೋಡಿಸಿದ್ದು ಅರ್ಧ ಚದರ ಮಿಲಿಮೀಟರಿನ, ಒಂದು ಗೇಣು ಉದ್ದದ ತಂತಿ. ಅದರ ರೆಸಿಸ್ಟನ್ಸ್ ಸುಮಾರು 7 ಮಿಲಿಓಮ್. ಏನೇನೂ ಅಲ್ಲ ಅನ್ನಿಸುತ್ತದೆ. ಹಾಡು ಇಲ್ಲದಾಗಲೂ ಎರಡು ಚಾನೆಲ್ ಸೇರಿ ನೂರು ಮಿಲಿಆಂಪ್ ಎಳೆಯುತ್ತವೆ. ತುಂಬುವ ಹೊಡೆತ ಅದರ ಐದು ಪಟ್ಟು ಅಂತಿಟ್ಟುಕೊಳ್ಳಿ, ಅರ್ಧ ಆಂಪಿಯರ್. ಆ ತಂತಿಯ ಎರಡು ತುದಿಗಳ ನಡುವೆ ಮೂರೂವರೆ ಮಿಲಿವೋಲ್ಟ್ ಆಯಿತು. ಇನ್‌ಪುಟ್‌ನ ಗ್ರೌಂಡನ್ನು ಅವರು ಈ ತುದಿಗೆ ಬೆಸೆದಿದ್ದರು. ಔಟ್‌ಪುಟ್‌ನ ಚೂರನ್ನು ವಾಪಸ್ ತಂದು ಇನ್‌ಪುಟ್ ಜೊತೆ ಹೋಲಿಸುವ ಫೀಡ್‌ಬ್ಯಾಕ್‌ನ ಗ್ರೌಂಡು ಆ ತುದಿಗೆ. ಆಂಪ್ಲಿಫೈಯರಿಗೆ ಇದು ಹಾಡೋ, ಕಸವೋ ಗೊತ್ತಿಲ್ಲ. 30 ಪಟ್ಟು ಹೆಚ್ಚಿಸಿ ಸ್ಪೀಕರಿಗೆ 0.1 ವೋಲ್ಟ್ ಕೊಡುತ್ತದೆ. ರಾತ್ರಿ ಹತ್ತರ ಮೇಲೆ ಬಸವನಗುಡಿಯ ಮನೆಯಲ್ಲಿ ಅದು ಚೆನ್ನಾಗಿ ಕೇಳಿಸುತ್ತದೆ.

ಕರೆಂಟು ಹೋಗುವ ದಾರಿಯನ್ನು ಎಲ್ಲರೂ ನಕ್ಷೆಯಲ್ಲಿ ನೋಡುತ್ತಾರೆ. ವಾಪಸ್ ಬರುವ ದಾರಿಗೆ ನಕ್ಷೆಯಲ್ಲಿ ಇರುವುದು ಮೂರು ಗೆರೆಯ ಗ್ರೌಂಡ್ ಗುರುತು ಮಾತ್ರ. ಅವೆಲ್ಲ ಒಂದೇ ಜಾಗ ಅಂತ ಕಾಗದ ಹೇಳುತ್ತದೆ, ತಾಮ್ರ ಹೇಳುವುದಿಲ್ಲ.

ರಿಪೇರಿಗೆ ಅರ್ಧ ಗಂಟೆ ಸಾಕಾಯಿತು. ಎರಡು ಕೆಪಾಸಿಟರ್‌ಗಳ ನಡುವೆ ದಪ್ಪ ತಾಮ್ರದ ಪಟ್ಟಿ ಹಾಕಿದೆ. ಟ್ರಾನ್ಸ್‌ಫಾರ್ಮರ್‌ನ ನಡುವಿನ ತಂತಿಯನ್ನೂ ಆ ಪಟ್ಟಿಗೇ ಬೆಸೆದೆ. ಪಟ್ಟಿಯ ಮಧ್ಯದಿಂದ ಒಂದು ಗಿಡ್ಡ ತಂತಿ ತೆಗೆದು ಬೇರೊಂದು ಬೋಲ್ಟಿಗೆ ಕಟ್ಟಿದೆ. ಸ್ಪೀಕರಿನ ವಾಪಸ್ ತಂತಿ, ಬೋರ್ಡಿನ ಗ್ರೌಂಡು ಎಲ್ಲ ಆ ಬೋಲ್ಟಿಗೆ, ಒಂದೊಂದೂ ಬೇರೆ ಬೇರೆ ತಂತಿಯಲ್ಲಿ. ಇನ್‌ಪುಟ್ ಮತ್ತು ಫೀಡ್‌ಬ್ಯಾಕ್ ಗ್ರೌಂಡುಗಳು ಮಾತ್ರ ಜೊತೆಯಾಗಿ ಒಂದೇ ತಂತಿಯಲ್ಲಿ ಬರಬೇಕು. ಹೊಸ ಬಿಡಿಭಾಗ ಒಂದೂ ಬೇಕಾಗಲಿಲ್ಲ.

ಅವರು ಇನ್ನೊಂದು ಕೆಲಸ ಮಾಡಿದ್ದರು. ಗುಂಯ್ ಕಡಿಮೆಯಾಗಲಿ ಅಂತ ಪ್ಲಗ್ಗಿನ ಅರ್ತ್ ಪಿನ್ನನ್ನೇ ತೆಗೆದುಬಿಟ್ಟಿದ್ದರು. ಇದಕ್ಕೆ ಮಾತ್ರ ನಾನು ಸ್ವಲ್ಪ ಗದರಿದೆ, ವಯಸ್ಸನ್ನೂ ನೋಡದೆ. ಕಬ್ಬಿಣದ ಪೆಟ್ಟಿಗೆ, ಒಳಗೆ 230 ವೋಲ್ಟ್. ಟ್ರಾನ್ಸ್‌ಫಾರ್ಮರ್‌ನ ಇನ್ಸುಲೇಷನ್ ಎಲ್ಲಾದರೂ ಸವೆದರೆ ಆ ಪಿನ್ನೇ ಜೀವ ಉಳಿಸುವುದು. ಸದ್ದು ಲ್ಯಾಪ್‌ಟಾಪ್ ಚಾರ್ಜರ್‌ನಿಂದಲೋ ಟಿವಿಯ ಕೇಬಲ್‌ನಿಂದಲೋ ಬರುತ್ತಿದ್ದರೆ ಅದನ್ನು ಕಿತ್ತು ನೋಡಿ. ಅರ್ತ್ ಮುಟ್ಟಬೇಡಿ.

ಮುಚ್ಚುವ ಮೊದಲು ಉಳಿದದ್ದನ್ನೂ ನೋಡಿದೆ. ಟ್ರಾನ್ಸ್‌ಫಾರ್ಮರ್ 24-0-24, ಅಂದರೆ ನಡುವಿನ ತಂತಿಯಿಂದ ಎರಡೂ ಕಡೆಗೆ 24 ವೋಲ್ಟ್. ರೆಕ್ಟಿಫೈ ಆದಾಗ ಪ್ಲಸ್ 33, ಮೈನಸ್ 33. 8 ಓಮ್ ಸ್ಪೀಕರಿಗೆ 50 ವ್ಯಾಟ್ ಮೇಲೇ ಸಿಗುತ್ತದೆ, ಮನೆಗೆ ಧಾರಾಳ. ಆದರೆ ಔಟ್‌ಪುಟ್‌ನಲ್ಲಿ ಹಾಕಿದ್ದು 2ಎನ್3055 ಟ್ರಾನ್ಸಿಸ್ಟರ್. ಅದು ತಡೆಯುವುದು 60 ವೋಲ್ಟ್. ಔಟ್‌ಪುಟ್ ಒಂದು ತುದಿಗೆ ಹೋದಾಗ ಇನ್ನೊಂದು ಬದಿಯ ಟ್ರಾನ್ಸಿಸ್ಟರ್ ಮೇಲೆ ಹೆಚ್ಚುಕಡಿಮೆ 66 ವೋಲ್ಟ್ ಬೀಳುತ್ತದೆ. ಮೇನ್ಸ್ ಏರಿದ ಹೊತ್ತಿನಲ್ಲಿ ಇನ್ನೂ ಜಾಸ್ತಿ. ಇಷ್ಟು ದಿನ ಸುಟ್ಟಿಲ್ಲ ಅಂದರೆ ದೇವರು ದೊಡ್ಡವನು. ಅವರು ಸಣ್ಣ ದನಿಯಲ್ಲಿ ಕೇಳುವುದೂ ಒಂದು ಕಾರಣ. 18-0-18 ಟ್ರಾನ್ಸ್‌ಫಾರ್ಮರ್ ಹಾಕಿ, ಇಲ್ಲವೇ 2ಎಸ್‌ಸಿ5200 ಮತ್ತು ಅದರ ಜೋಡಿ 2ಎಸ್‌ಎ1943 ಹಾಕಿ ಅಂದೆ. ಅವು 230 ವೋಲ್ಟ್ ತಡೆಯುತ್ತವೆ. ಆದರೆ ಜೋಡಿಯ ನಕಲಿ ಮಾಲು ಮಾರುಕಟ್ಟೆಯಲ್ಲಿ ತುಂಬಿಹೋಗಿದೆ. ಸತ್ತ ಒಂದು ನಕಲಿಯನ್ನು ನಾನು ಇಕ್ಕಳದಲ್ಲಿ ಒಡೆದು ನೋಡಿದ್ದೆ. ಒಳಗಿನ ಸಿಲಿಕಾನ್ ಚೂರು ಸಾಸಿವೆಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಬೆಲೆ ತೀರಾ ಕಡಿಮೆ ಇದ್ದರೆ ಸುಮ್ನೆ ಮುಂದಿನ ಅಂಗಡಿಗೆ ಹೋಗಿ.

ಬಿಸಿಯ ವಿಷಯದಲ್ಲಿ ನನ್ನದೇ ತಪ್ಪು ಹೇಳುತ್ತೇನೆ. ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವಿನ ವೋಲ್ಟೇಜು ಒಂದೊಂದು ಡಿಗ್ರಿ ಬಿಸಿಗೆ 2 ಮಿಲಿವೋಲ್ಟ್ ಇಳಿಯುತ್ತದೆ. ಬಯಾಸ್, ಅಂದರೆ ಟ್ರಾನ್ಸಿಸ್ಟರನ್ನು ಚೂರು ತೆರೆದಿಡುವ ವೋಲ್ಟೇಜು, ಹಾಗೇ ನಿಂತರೆ ಬಿಸಿಯಾದಂತೆ ಕರೆಂಟು ಜಾಸ್ತಿ, ಕರೆಂಟು ಜಾಸ್ತಿಯಾದಂತೆ ಇನ್ನೂ ಬಿಸಿ. ಆದ್ದರಿಂದ ಬಯಾಸ್ ಕಾಯುವ ಟ್ರಾನ್ಸಿಸ್ಟರ್, ನಮ್ಮಲ್ಲಿ ಸಾಮಾನ್ಯವಾಗಿ ಬಿಡಿ139, ಔಟ್‌ಪುಟ್‌ಗಳು ಕೂತ, ಬಿಸಿ ಹೊರಹಾಕುವ ಹೀಟ್ ಸಿಂಕಿನ ಮೇಲೇ ಕೂರಬೇಕು. ಹುಡುಗನಾಗಿದ್ದಾಗ ಅದನ್ನು ಬೋರ್ಡಿನ ಮೇಲೇ ಬಿಟ್ಟು ಗಣೇಶನ ಪೆಂಡಾಲಿಗೆ ಒಂದು ಆಂಪ್ಲಿಫೈಯರ್ ಕಟ್ಟಿಕೊಟ್ಟಿದ್ದೆ. ಎರಡು ಗಂಟೆ ಚೆನ್ನಾಗಿ ನಡೆಯಿತು. ಆಮೇಲೆ ಮಂಗಳಾರತಿಯ ಹೊತ್ತಿಗೆ ಸ್ಪೀಕರಿನಿಂದಲೂ ಹೊಗೆ.

ರಿಪೇರಿ ಆದಮೇಲೆ ನಾನು ನೇರ ಪ್ಲಗ್ ಚುಚ್ಚುವುದಿಲ್ಲ. ಮೇನ್ಸ್ ದಾರಿಯಲ್ಲಿ 60 ವ್ಯಾಟಿನ ಫಿಲಮೆಂಟ್ ಬಲ್ಬು ಸೇರಿಸುತ್ತೇನೆ. ಕೆಪಾಸಿಟರ್ ತುಂಬುವಾಗ ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಸರಿ. ಬೆಳಗುತ್ತಲೇ ಇದ್ದರೆ ಎಲ್ಲೋ ಶಾರ್ಟ್, ಟ್ರಾನ್ಸಿಸ್ಟರ್ ಉಳಿಯಿತು. ಸ್ಪೀಕರ್ ಆಗ ಕಟ್ಟಲೇಬಾರದು. ಮೊದಲು ಔಟ್‌ಪುಟ್‌ನ ಡಿಸಿ ಅಳೆಯಬೇಕು, 50 ಮಿಲಿವೋಲ್ಟಿಗಿಂತ ಕಡಿಮೆ ಇರಬೇಕು. ಅವರ ಪೆಟ್ಟಿಗೆಯಲ್ಲಿ ಎರಡು ಚಾನೆಲ್ಲೂ 20ರ ಒಳಗಿದ್ದವು. ಕಟ್ಟಿದವರ ಕೈ ಒಳ್ಳೆಯದು.

ಸ್ಪೀಕರ್ ಹಚ್ಚಿ ಅವರ ಫೋನಿನಿಂದಲೇ ಒಂದು ಆಲಾಪನೆ ಹಾಕಿದೆವು. ಕಣ್ಣು ಮುಚ್ಚಿ ಕೇಳಿದರು. "ಆ ಶ್ರುತಿ ಹೋಯಿತು. ಆದರೆ ಇವರ ತಂಬೂರೀನೇ ಚೂರು ಇಳಿದಿದೆ, ಈಗ ಗೊತ್ತಾಗ್ತಿದೆ" ಅಂದರು. ಅದು ನನ್ನ ವ್ಯಾಪ್ತಿಗೆ ಬರುವುದಿಲ್ಲ ಅಂದೆ.

ಹೊರಡುವಾಗ ಬಲ್ಬಿನ ಮೇಲೆ ಕಣ್ಣು ಹಾಕಿದರು. ಮನೆಯಲ್ಲೂ ಹೀಗೇ ಪರೀಕ್ಷೆ ಮಾಡುತ್ತೇನೆ, ಒಂದು ಕೊಡಿ ಅಂದರು. ಎಲ್ಲ ಅಂಗಡಿಯಲ್ಲೂ ಈಗ ಎಲ್‌ಇಡಿ. ನನ್ನ ಹತ್ತಿರ ಉಳಿದಿರುವುದೇ ಎರಡು, ಪೇಪರಿನಲ್ಲಿ ಸುತ್ತಿಟ್ಟಿದ್ದೇನೆ. ಕೊಡಲಿಲ್ಲ.